ಬಿಸಿ ಕಲ್ಲಿನ ಮಸಾಜ್: ಅಂಗೈ ಹೇಳಿದ್ದನ್ನು ನಂಬಬೇಡಿ

ಬಿಸಿ ಕಲ್ಲಿನ ಕೆಲಸ ಹಿಡಿದ ಎರಡನೇ ವರ್ಷ ನನ್ನ ಕೈಯಿಂದ ಒಬ್ಬರ ಬೆನ್ನು ಸುಟ್ಟಿತು. ದೊಡ್ಡ ಗಾಯವೇನಲ್ಲ. ಸೊಂಟದ ಹತ್ತಿರ, ಕಲ್ಲಿನ ಆಕಾರದಲ್ಲೇ, ಕೆಂಪಗೆ ಒಂದು ಗುರುತು. ಮಾರನೇ ದಿನ ಅದರ ನಡುವೆ ಸಣ್ಣ ಗುಳ್ಳೆ ಎದ್ದಿತ್ತು. ಅವರು ಫೋನ್ ಮಾಡಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. "ಬಿಸಿ ಸರಿಯಿದೆಯಾ?" ಅಂತ ನಾನು ಕೇಳಿದ್ದೆ. "ಸರಿಯಿದೆ" ಅಂದಿದ್ದರು. ಕಲ್ಲನ್ನು ಅಂಗೈಯಲ್ಲಿ ಹಿಡಿದು ನೋಡಿಯೇ ಇಟ್ಟಿದ್ದೆ. ಹಾಗಾದರೆ ತಪ್ಪಿದ್ದು ಎಲ್ಲಿ?

ಅದನ್ನು ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು. ನನ್ನ ಅಂಗೈ ನನಗೆ ಸುಳ್ಳು ಹೇಳಿತ್ತು. ನಾನು ಕೇಳಿದ ಪ್ರಶ್ನೆಯೂ ಸರಿ ಇರಲಿಲ್ಲ. ಇವೆರಡನ್ನೂ ತಿದ್ದಿಕೊಂಡ ಮೇಲೆ ಈ ಹನ್ನೊಂದು ವರ್ಷದಲ್ಲಿ ಮತ್ತೆ ಹಾಗೆ ಆಗಿಲ್ಲ. ಈ ಕೆಲಸ ಕಲಿಯುತ್ತಿರುವವರಿಗೆ, ಮನೆಯವರಿಗೆ ಮಾಡಿಕೊಡಬೇಕು ಅಂದುಕೊಂಡವರಿಗೆ ನಾನು ಮೊದಲು ಹೇಳುವುದು ಅದನ್ನೇ. ಒತ್ತುವ ವಿಧಾನ ನಿಧಾನಕ್ಕೆ ಬರುತ್ತದೆ. ಬಿಸಿಯ ಹದ ಮಾತ್ರ ಮೊದಲ ದಿನದಿಂದಲೇ ಗೊತ್ತಿರಬೇಕು.

ಕಲ್ಲು

ಬಸಾಲ್ಟ್ ಕಲ್ಲು ತೆಗೆದುಕೊಳ್ಳಿ. ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು ಇದು. ಕಬ್ಬಿಣ, ಮೆಗ್ನೀಸಿಯಂ ಇರುವುದರಿಂದ ಗಾತ್ರಕ್ಕಿಂತ ತೂಕ ಜಾಸ್ತಿ, ಒಂದು ಘನ ಸೆಂಟಿಮೀಟರಿಗೆ ಹತ್ತಿರ ಹತ್ತಿರ 3 ಗ್ರಾಂ. ಆ ತೂಕದಿಂದಲೇ ಅದು ಕಾವನ್ನು ಹಿಡಿದಿಟ್ಟುಕೊಳ್ಳುವುದು. ಅದರಲ್ಲಿ ಬೇರೆ ಯಾವ ಶಕ್ತಿಯೂ ಇಲ್ಲ. ಕಲ್ಲು ದೇಹದ ವಿಷ ಹೀರುತ್ತದೆ ಅಂತ ಹೇಳುವವರಿದ್ದಾರೆ. ಅದು ನಿಜವಲ್ಲ, ಆ ಕೆಲಸ ಮಾಡಲು ಲಿವರ್ ಮತ್ತು ಕಿಡ್ನಿ ಇವೆ. ಕಲ್ಲು ಕೊಡುವುದು ಕಾವು ಮತ್ತು ಭಾರ. ಕಾವು ಬಿದ್ದ ಕಡೆ ರಕ್ತನಾಳ ಅಗಲವಾಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ಮನಸ್ಸು ಹಗುರವಾಗುತ್ತದೆ. ಇಷ್ಟೇ ಸಾಕಷ್ಟು ದೊಡ್ಡ ವಿಷಯ ಅಲ್ವಾ?

ಶುರುವಿಗೆ ಐವತ್ತು ಕಲ್ಲಿನ ಸೆಟ್ ಬೇಕಿಲ್ಲ. ಅಂಗೈಯಲ್ಲಿ ಕೂರುವ ಚಪ್ಪಟೆ ಕಲ್ಲು ಎಂಟು, ಸೊಂಟಕ್ಕೆ ಇಡಲು ಅಗಲದ್ದು ಎರಡು, ಕುತ್ತಿಗೆ ಮತ್ತು ಪಾದಕ್ಕೆ ಕೋಳಿಮೊಟ್ಟೆಗಿಂತ ಚಿಕ್ಕವು ನಾಲ್ಕು. ಅಂಚಿನ ಸುತ್ತ ಬೆರಳು ಓಡಿಸಿ ನೋಡಿ. ಎಲ್ಲೂ ಚುಚ್ಚಬಾರದು, ಬಿರುಕು ಇರಬಾರದು. ಎಲ್ಲಿಂದಲೋ ಹೆಕ್ಕಿ ತಂದ ಕಲ್ಲನ್ನು ಕಾಯಿಸಬೇಡಿ. ಪದರ ಪದರವಾಗಿದ್ದರೆ, ಒಳಗೆ ತೇವ ಇದ್ದರೆ, ಬಿಸಿಗೆ ಸೀಳಿ ಸಿಡಿಯಬಹುದು.

ಕಾಯಿಸುವುದು

ಕಲ್ಲು ನೀರಿನಲ್ಲೇ ಕಾಯಬೇಕು. ಇದಕ್ಕೆಂದೇ ಮಾಡಿದ ಹೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉಷ್ಣತೆ ಏರಿಸಿ ಇಳಿಸಲು ಬರುವ, ಅಗಲ ಬಾಯಿಯ ಎಲೆಕ್ಟ್ರಿಕ್ ಪಾತ್ರೆ. ತಳಕ್ಕೆ ಒಂದು ಟವೆಲ್ ಹಾಸಿ. ತಳದ ಬಿಸಿ ಕಲ್ಲಿಗೆ ನೇರ ತಾಗುವುದಿಲ್ಲ, ಕಲ್ಲು ಪಾತ್ರೆಗೆ ಬಡಿದು ಸದ್ದೂ ಆಗುವುದಿಲ್ಲ. ಕಲ್ಲು ಮುಳುಗಿ ಮೇಲೆ ಎರಡು ಬೆರಳು ನೀರು ನಿಲ್ಲಲಿ. ನೀರು ತುಂಬುವಾಗ, ಚೆಲ್ಲುವಾಗ ಪ್ಲಗ್ ತೆಗೆದಿರಬೇಕು.

ಮೈಕ್ರೋವೇವ್ ಬೇಡವೇ ಬೇಡ. ಅದರಲ್ಲಿ ಕಲ್ಲು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಕಾಯುತ್ತದೆ. ಓವನ್ನು, ಒಲೆಯ ಉರಿ ಕೂಡ ಬೇಡ. ಕಲ್ಲು ಎಷ್ಟು ಕಾದಿದೆ ಅಂತ ನಮಗೆ ತಿಳಿಯುವ ದಾರಿಯೇ ಅಲ್ಲಿ ಇರುವುದಿಲ್ಲ. ನೀರಿನಲ್ಲಿ ಹಾಗಲ್ಲ, ನೀರಿನ ಬಿಸಿ ಎಷ್ಟೋ ಕಲ್ಲಿನದೂ ಅಷ್ಟೇ. ಆದರೆ ಅಷ್ಟು ಹೊತ್ತು ಬಿಡಬೇಕು. ನಾನು ಮುಕ್ಕಾಲು ಗಂಟೆ ಮುಂಚೆಯೇ ಹಾಕಿಡುತ್ತೇನೆ.

ಒಂದು ಥರ್ಮಾಮೀಟರ್ ಕೊಳ್ಳಿ. ನೀರಿಗೆ ಅದ್ದುವಂಥದ್ದು. ಹೀಟರಿನ ಗುಂಡಿಯ ಮೇಲೆ ಬರೆದ ಅಂಕಿಗೂ ಒಳಗಿನ ನೀರಿಗೂ ಎಷ್ಟೋ ಸಲ ಹೊಂದುವುದಿಲ್ಲ. ಅಳೆಯುವ ಮೊದಲು ನೀರನ್ನು ಒಮ್ಮೆ ಕಲಕಿ, ಯಾಕೆಂದರೆ ತಳದಲ್ಲಿ ಬಿಸಿ ಬೇರೆ, ಮೇಲೆ ಬೇರೆ ಇರುತ್ತದೆ. ಗುಂಡಿಯ ಮೇಲೆ ಇರುವುದು ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತಲೂ ನೋಡಿಕೊಳ್ಳಿ. 50 ಡಿಗ್ರಿ ಸೆಲ್ಸಿಯಸ್ ಅಂದರೆ 122 ಫ್ಯಾರನ್‌ಹೀಟ್.

ನಾನು ನೀರನ್ನು 50ರಿಂದ 52 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡುತ್ತೇನೆ. 55 ದಾಟಿದರೆ ಆ ಕಲ್ಲನ್ನು ಮುಟ್ಟುವುದಿಲ್ಲ, ತಣ್ಣೀರು ಬೆರೆಸಿ ಕಾಯುತ್ತೇನೆ. ಇಷ್ಟು ಹಟ ಯಾಕೆ ಅಂದರೆ, ಚರ್ಮ ಸುಡುವ ಲೆಕ್ಕ ತುಂಬಾ ಕಡಿದಾಗಿದೆ. ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು 1947ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಚರ್ಮ 44 ಡಿಗ್ರಿಯಲ್ಲೇ ಇದ್ದರೆ ಸುಡಲು ಸುಮಾರು 6 ಗಂಟೆ ಬೇಕು. ಅಲ್ಲಿಂದ 51ರವರೆಗೆ ಒಂದೊಂದು ಡಿಗ್ರಿ ಏರಿದಾಗಲೂ ಆ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. 60 ಡಿಗ್ರಿಗೆ ಬಂದರೆ ಬರೀ 5 ಸೆಕೆಂಡು. ನಮ್ಮ ಕಣ್ಣಿಗೆ 50ರ ನೀರೂ 60ರ ನೀರೂ ಒಂದೇ ಥರ ಕಾಣುತ್ತವೆ. ಕಲ್ಲಿನಲ್ಲಿ ಇರುವ ಕಾವಿಗೆ ಮಿತಿ ಇದೆ. ಮೈಗೆ ತಾಗಿದ ಕೂಡಲೇ ಆರತೊಡಗುತ್ತದೆ, ಸರಿಸುತ್ತಾ ಇದ್ದರೆ ಆ ಕಾವು ಅಗಲವಾಗಿ ಹಂಚಿ ಹೋಗುತ್ತದೆ. ಅದಕ್ಕೇ 50ರ ಕಲ್ಲಿನಿಂದ ಕೆಲಸ ಮಾಡಲು ಆಗುವುದು. ಅದನ್ನೇ ಒಂದು ಕಡೆ ಸುಮ್ನೆ ಇಟ್ಟುಬಿಟ್ಟರೆ ಕಥೆ ಬೇರೆ.

ಅಂಗೈ ಯಾಕೆ ಸುಳ್ಳು ಹೇಳುತ್ತದೆ

ಅಂಗೈ ಚರ್ಮ ದಪ್ಪ. ಬೆನ್ನಿನ ಚರ್ಮಕ್ಕೆ ಚುರ್ ಅನ್ನುವುದು ಅಂಗೈಗೆ ಹಿತವಾಗಿರುತ್ತದೆ. ಅದರ ಮೇಲೆ, ಬಿಸಿ ನೀರಿನಲ್ಲಿ ಕೈ ಆಡಿಸುತ್ತಿದ್ದ ಹಾಗೆ ಅದಕ್ಕೆ ಕಾವು ಅಭ್ಯಾಸವಾಗಿಬಿಡುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಒಂದು ಕೈಯನ್ನು ಬಿಸಿ ನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಒಂದು ನಿಮಿಷ ಅದ್ದಿಡಿ. ಆಮೇಲೆ ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿಗೆ ಹಾಕಿ. ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ ಅನ್ನಿಸುತ್ತದೆ. ಆ ದಿನ ನಾನು ಕಲ್ಲು ನೋಡಿದ್ದು ಅರ್ಧ ಗಂಟೆಯಿಂದ ಬಿಸಿಯಲ್ಲೇ ಇದ್ದ ಕೈಯಿಂದ. ಅದಕ್ಕೆ ಎಲ್ಲವೂ ಹದವಾಗಿಯೇ ಇತ್ತು.

ಈಗ ನನ್ನ ಕ್ರಮ ಹೀಗಿದೆ. ತೂತಿನ ಸೌಟಿನಿಂದ ಕಲ್ಲು ತೆಗೆದು ಟವೆಲಿನಲ್ಲಿ ಒರೆಸುತ್ತೇನೆ. ನೀರು ತೊಟ್ಟಿಕ್ಕಬಾರದು. ಬಿಸಿ ಹನಿ ಬೆನ್ನಿಗೆ ಬಿದ್ದರೆ ಮಲಗಿದವರು ಬೆಚ್ಚಿಬೀಳುತ್ತಾರೆ. ಆಮೇಲೆ ಕಲ್ಲನ್ನು ನನ್ನ ಮುಂಗೈಯ ಒಳಭಾಗಕ್ಕೆ, ಅಂದರೆ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಒತ್ತಿ, ಮೂರು ಎಣಿಸುವವರೆಗೆ ಹಿಡಿಯುತ್ತೇನೆ. ಅಲ್ಲಿ ಚರ್ಮ ತೆಳು, ಬಿಸಿ ನೀರು ತಾಗಿರುವುದಿಲ್ಲ. ಮೂರು ಎಣಿಸುವಷ್ಟರಲ್ಲಿ ಕೈ ಎಳೆದುಕೊಳ್ಳಬೇಕು ಅನ್ನಿಸಿದರೆ ಆ ಕಲ್ಲು ಇನ್ನೂ ಆರಬೇಕು. ಪ್ರತಿ ಕಲ್ಲಿಗೂ ಹೀಗೇ. ಒಂದನ್ನು ನೋಡಿ ಉಳಿದವೂ ಹಾಗೇ ಇರುತ್ತವೆ ಅಂದುಕೊಳ್ಳಬೇಡಿ. ದೊಡ್ಡ ಕಲ್ಲು ನಿಧಾನ ಆರುತ್ತದೆ, ಚಿಕ್ಕದು ಬೇಗ.

ಯಾರಿಗೆ ಬೇಡ

ಮಲಗಿಸುವ ಮೊದಲು ಕೂರಿಸಿ ಮಾತಾಡಿ. ಸಕ್ಕರೆ ಕಾಯಿಲೆಯಿಂದ ಕೈಕಾಲು ಜೋಮು ಹಿಡಿಯುವವರಿಗೆ ಬಿಸಿ ಕಲ್ಲು ಬೇಡ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಹಳೆಯ ಆಪರೇಷನ್ ಗುರುತಿನ ಸುತ್ತ ಮರಗಟ್ಟಿದ ಜಾಗಕ್ಕೂ ಅದೇ ಮಾತು. ರಕ್ತ ಹೆಪ್ಪುಗಟ್ಟಿದ ತೊಂದರೆ ಇದ್ದವರು, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕಾಯಿಲೆ ಇರುವವರು, ಬಿಪಿ ಹಿಡಿತಕ್ಕೆ ಬಾರದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ತಮ್ಮ ವೈದ್ಯರನ್ನು ಕೇಳದೆ ಮಾಡಿಸಿಕೊಳ್ಳಬಾರದು. ಜ್ವರ ಇದ್ದರೆ, ಹೊಸ ಗಾಯ ಅಥವಾ ಊತ ಇದ್ದರೆ, ಬಿಸಿಲಿಗೆ ಚರ್ಮ ಸುಟ್ಟಿದ್ದರೆ, ಆ ದಿನ ಬೇಡ. ಉಬ್ಬಿದ ರಕ್ತನಾಳಗಳ ಮೇಲೆ ಕಲ್ಲು ಓಡಿಸಬೇಡಿ. ನೋವಿನ ಮುಲಾಮು ಹಚ್ಚಿಕೊಂಡು ಬಂದಿದ್ದಾರಾ ಅಂತಲೂ ಕೇಳಿ. ಮುಲಾಮಿನ ಉರಿ ಮತ್ತು ಕಲ್ಲಿನ ಬಿಸಿ ಸೇರಿದರೆ ಯಾವುದು ಯಾವುದು ಅಂತ ಅವರಿಗೇ ತಿಳಿಯುವುದಿಲ್ಲ.

ಇಷ್ಟೆಲ್ಲ ಕೇಳಿ ವಾಪಸ್ ಕಳಿಸಿದ್ದೂ ಇದೆ. ಬೇಜಾರು ಮಾಡಿಕೊಂಡವರು ಕಡಿಮೆ. ಅಂಥವರಿಗೆ ಬರಿಗೈಯಿಂದ ಹಗುರವಾಗಿ ಮಾಡಬಹುದೇ ಅಂತ ವೈದ್ಯರನ್ನು ಕೇಳಿ ಬರಲು ಹೇಳುತ್ತೇನೆ.

ಮೈಮೇಲೆ ಕಲ್ಲು

ಮೊದಲ ಐದು ನಿಮಿಷ ಬರಿಗೈ. ಎಣ್ಣೆ ಹಚ್ಚಿ ಬೆನ್ನನ್ನು ಮೇಲಿಂದ ಕೆಳಗೆ ಸವರಿ, ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ಮುಟ್ಟಿದರೆ ಬಿಗಿಯುತ್ತಾರೆ ಅಂತ ನೋಡಿಕೊಳ್ಳಿ. ಕಲ್ಲು ಹಿಡಿದ ಮೇಲೆ ಕೈಗೆ ಅಷ್ಟು ಸೂಕ್ಷ್ಮ ಇರುವುದಿಲ್ಲ. ಎಣ್ಣೆ ಕಂಜೂಸು ಮಾಡಬೇಡಿ, ಒಣ ಚರ್ಮದ ಮೇಲೆ ಕಲ್ಲು ತಡೆದು ತಡೆದು ಹೋಗುತ್ತದೆ. ಕಟು ವಾಸನೆಯ ಸುಗಂಧ ಎಣ್ಣೆಗಳನ್ನು ನಾನು ಬಿಟ್ಟಿದ್ದೇನೆ. ಕಾವು ಸೇರಿದರೆ ಕೆಲವರ ಚರ್ಮಕ್ಕೆ ಅವು ಉರಿ ತರುತ್ತವೆ.

ಮೊದಲ ಕಲ್ಲು ಮೈಗೆ ತಾಗುವ ಗಳಿಗೆ ತುಂಬಾ ಮುಖ್ಯ. ಕಲ್ಲನ್ನು ನೇರ ತಂದು ಇಡಬೇಡಿ. ಮೊದಲು ಕೈಯ ಹಿಂಭಾಗ ತಾಗಲಿ, ಕೈ ಸರಿಯುತ್ತಿರುವಾಗಲೇ ಅಂಗೈ ತಿರುಗಿಸಿ, ಆಗ ಕಲ್ಲು ತಾನಾಗಿ ಚರ್ಮಕ್ಕೆ ಜಾರಿಕೊಳ್ಳುತ್ತದೆ. ಕೈ ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಯಿತು ಅಂತ ಮಲಗಿದವರಿಗೆ ತಿಳಿಯಬಾರದು. ಇದು ಕೈಗೆ ಹತ್ತಲು ನನಗೆ ಕೆಲವು ತಿಂಗಳೇ ಬೇಕಾಯಿತು. ಮೊದಲು ನನ್ನ ತೊಡೆಯ ಮೇಲೆ ದಿನವೂ ಅಭ್ಯಾಸ ಮಾಡುತ್ತಿದ್ದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ವೇಗಕ್ಕೆ ಒಂದೇ ಸೂತ್ರ: ಕಲ್ಲು ಬಿಸಿ ಇದ್ದಷ್ಟೂ ಕೈ ಬೇಗ ಓಡಬೇಕು, ಆರುತ್ತಾ ಬಂದ ಹಾಗೆ ನಿಧಾನವಾಗಬೇಕು. ಹೊಸ ಕಲ್ಲು ತೆಗೆದಾಗ ಸೊಂಟದಿಂದ ಹೆಗಲವರೆಗೆ ಒಂದು ಎಳೆತ ಮೂರು ಸೆಕೆಂಡು. ಅರ್ಧ ನಿಮಿಷ ಕಳೆದ ಮೇಲೆ ಆರೇಳು ಸೆಕೆಂಡು. ಇನ್ನೂ ಆರಿದ ಮೇಲೆ ಗಂಟಿನ ಹತ್ತಿರ ನಿಂತು ಸಣ್ಣ ಸುತ್ತು. ಒತ್ತಡವೂ ಹಾಗೆಯೇ. ಬಿಸಿ ಇರುವಾಗ ಸವರಿ, ಆರಿದ ಮೇಲೆ ಒತ್ತಿ. ಒಂದು ಮಗ್ಗುಲು ತಣ್ಣಗಾದರೆ ಕಲ್ಲನ್ನು ಮಗುಚಿ, ಅಂಗೈ ಕಡೆ ಇದ್ದ ಮೈಯಲ್ಲಿ ಇನ್ನೂ ಕಾವು ಇರುತ್ತದೆ. ಹೀಗೆ ಒಂದು ಕಲ್ಲು ನಾಲ್ಕೈದು ನಿಮಿಷ ಬರುತ್ತದೆ.

ಕಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಅಂಗೈ ಅದರ ಮೇಲೆ ಸುಮ್ನೆ ಕೂತಿರಲಿ, ಮಣಿಕಟ್ಟು ನೇರ ಇರಲಿ, ಒತ್ತಡ ನಿಮ್ಮ ಮೈಭಾರದಿಂದ ಬರಲಿ. ಒಂದು ಕಾಲು ಮುಂದೆ ಇಟ್ಟು ವಾಲಿದರೆ ಸಾಕು. ನಾನು ಕಲ್ಲಿಗೆ ಬಂದದ್ದೇ ಹೆಬ್ಬೆರಳ ನೋವಿನಿಂದ. ವರ್ಷಗಟ್ಟಲೆ ಬರಿ ಹೆಬ್ಬೆರಳಲ್ಲಿ ಗಂಟು ಒತ್ತಿ ಒತ್ತಿ ಅದರ ಬುಡ ಹಿಡಿದುಕೊಂಡಿತ್ತು, ಬಾಟಲಿ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ಕಲ್ಲು ಬಂದ ಮೇಲೆ ಆ ನೋವು ಇಳಿಯಿತು. ಆದರೆ ಕಲ್ಲನ್ನು ಹಿಂಡಿ ಹಿಡಿಯುವವರಿಗೆ ಅದೇ ನೋವು ಮಣಿಕಟ್ಟಿಗೆ ಬಂದಿದ್ದನ್ನೂ ನೋಡಿದ್ದೇನೆ.

ಕಲ್ಲು ಗಟ್ಟಿ ವಸ್ತು ಅಲ್ವಾ, ಬೆರಳಿಗಿಂತ ಜೋರಾಗಿ ಒತ್ತಿದ ಹಾಗೆ ಅನ್ನಿಸುತ್ತದೆ. ಆದ್ದರಿಂದ ಮೂಳೆಯ ಮೇಲೆ ಕಲ್ಲು ಹೋಗಬಾರದು. ಬೆನ್ನುಮೂಳೆಯ ಎರಡೂ ಪಕ್ಕದ ಸ್ನಾಯುವಿನ ಮೇಲೆ ಓಡಿಸಿ, ನಡುವೆ ಬೇಡ. ಹೆಗಲಮೂಳೆಯ ಅಂಚಿನ ಪಕ್ಕ ಸುತ್ತಿ ಬನ್ನಿ. ಮಂಡಿಚಿಪ್ಪು, ಮೊಣಕಾಲ ಕೆಳಗಿನ ಎಲುಬು, ಮಂಡಿಯ ಹಿಂದಿನ ಗುಳಿ, ಕುತ್ತಿಗೆಯ ಮುಂಭಾಗ, ಇವನ್ನು ಪೂರ್ತಿ ಬಿಡಿ. ಮೀನಖಂಡ ಮತ್ತು ತೊಡೆಯ ಹಿಂಭಾಗಕ್ಕೆ ಕಲ್ಲು ತುಂಬಾ ಹಿತ. ಪಾದಕ್ಕೂ ಹಿತವೇ, ಆದರೆ ಅಂಗಾಲು ಕೂಡ ಅಂಗೈ ಥರ ದಪ್ಪ ಚರ್ಮ, ಅಲ್ಲಿ "ಇನ್ನೂ ಬಿಸಿ ಬೇಕು" ಅಂದರೆ ಒಪ್ಪಬೇಡಿ.

ಬಳಸಿದ ಕಲ್ಲನ್ನು ಪಾತ್ರೆಯ ಬಲಗಡೆಗೆ ಹಾಕಿ, ಹೊಸದನ್ನು ಎಡಗಡೆಯಿಂದ ತೆಗೆಯಿರಿ. ಇಲ್ಲದಿದ್ದರೆ ಈಗತಾನೆ ಹಾಕಿದ ಅರೆಬಿಸಿ ಕಲ್ಲೇ ಕೈಗೆ ಸಿಗುತ್ತದೆ.

ಇಟ್ಟ ಕಲ್ಲು, ಕೇಳುವ ಪ್ರಶ್ನೆ

ಸುಟ್ಟ ಗಾಯ ಆಗುವುದು ಓಡುವ ಕಲ್ಲಿಗಿಂತ ಇಟ್ಟ ಕಲ್ಲಿನಿಂದ. ಒಂದೇ ಜಾಗಕ್ಕೆ ಕಾವು ಇಳಿಯುತ್ತಾ ಇರುತ್ತದೆ. ಸಾಮಾನ್ಯವಾಗಿ ಆ ಕಾವನ್ನು ರಕ್ತ ಹೊತ್ತುಕೊಂಡು ಹೋಗುತ್ತದೆ, ಜಾಗ ತಣಿಯುತ್ತದೆ. ಆದರೆ ಕಲ್ಲಿನ ಮೇಲೆ ಮೈಭಾರ ಬಿದ್ದರೆ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿ ಹೋಗುತ್ತವೆ, ಕಾವು ಅಲ್ಲೇ ಕೂರುತ್ತದೆ. ಬೆನ್ನ ಕೆಳಗೆ ಎರಡು ಸಾಲು ಕಲ್ಲು ಜೋಡಿಸಿ ಅದರ ಮೇಲೆ ಮಲಗಿಸುವುದು ಹಲವು ಕಡೆ ಇದೆ. ನನಗೆ ಕಲಿಸಿದವರೂ ಹಾಗೆ ಮಾಡುತ್ತಿದ್ದರು. ನಾನು ಅದನ್ನು ನಿಲ್ಲಿಸಿದೆ. ಅದರಿಂದ ಸಿಗುವ ಸುಖವನ್ನು ಬೇರೆ ರೀತಿಯಲ್ಲಿ ಕೊಡಬಹುದು, ಆದರೆ ಕೆಳಗೆ ಏನಾಗುತ್ತಿದೆ ಅಂತ ನನಗೆ ಕಾಣುವುದಿಲ್ಲ.

ಕಲ್ಲು ಇಡಲೇಬೇಕಾದರೆ ಮೇಲಿನಿಂದ ಇಡಿ, ನಡುವೆ ಮಡಚಿದ ಟವೆಲ್ ಇರಲಿ. ಓಡಿಸಿ ಅರ್ಧ ಆರಿದ ಕಲ್ಲೇ ಇಡಲು ಸರಿಯಾದದ್ದು. ಎರಡು ನಿಮಿಷಕ್ಕೊಮ್ಮೆ ಎತ್ತಿ ಚರ್ಮ ನೋಡಿ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಅದಕ್ಕೆ ಕೈಯಿಂದ ಮುಟ್ಟಿ ಪಕ್ಕದ ಚರ್ಮಕ್ಕಿಂತ ಎಷ್ಟು ಬಿಸಿಯಾಗಿದೆ ನೋಡಿ. ನನ್ನ ಕೈಯಲ್ಲಿ ಸುಟ್ಟ ಆ ಬೆನ್ನಿನ ಮೇಲೆ ಇದ್ದದ್ದು ಬರೀ ತೆಳು ಬಟ್ಟೆ. ಕಲ್ಲು ಹೊಸದಾಗಿ ತೆಗೆದದ್ದು. ಅದನ್ನು ಅಲ್ಲೇ ಬಿಟ್ಟು ನಾನು ಕಾಲಿನ ಕಡೆ ಹೋಗಿದ್ದೆ.

ಇನ್ನು ಪ್ರಶ್ನೆ. "ಸರಿಯಿದೆಯಾ?" ಅಂದರೆ ಎಲ್ಲರೂ "ಸರಿಯಿದೆ" ಅನ್ನುತ್ತಾರೆ. ಮುಖ ಕೆಳಗೆ ಮಾಡಿ ಅರೆನಿದ್ದೆಯಲ್ಲಿ ಇರುವವರು ನಮ್ಮ ಕೆಲಸ ತಡೆಯಲು ಸಂಕೋಚ ಪಡುತ್ತಾರೆ. ಇಷ್ಟು ಬಿಸಿ ಇರುವುದೇ ಪದ್ಧತಿ ಇರಬೇಕು, ತಾನು ತಡೆದುಕೊಳ್ಳಬೇಕು ಅಂದುಕೊಳ್ಳುತ್ತಾರೆ. ಅದಕ್ಕೆ ನಾನು ಮಲಗಿಸುವ ಮೊದಲೇ ಹೇಳಿಬಿಡುತ್ತೇನೆ, "ಇದರಲ್ಲಿ ತಡೆದುಕೊಳ್ಳುವುದು ಅಂತ ಏನೂ ಇಲ್ಲ. ಸ್ವಲ್ಪ ಚುರ್ ಅಂದರೂ ನೀವು ಹೇಳಬೇಕು, ಆಗಲೇ ನನಗೆ ಕೆಲಸ ಸರಿಯಾಗಿ ಮಾಡಲು ಆಗುವುದು." ಆಮೇಲೆ ಆಯ್ಕೆ ಕೊಟ್ಟು ಕೇಳುತ್ತೇನೆ, "ಈ ಕಲ್ಲು ಬೆಚ್ಚಗಿದೆಯಾ, ಬಿಸಿ ಇದೆಯಾ, ಸುಡುತ್ತಿದೆಯಾ?" ಬೆಚ್ಚಗಿದೆ ಅಂದರೆ ಮುಂದೆ. ಬಿಸಿ ಅಂದರೆ ಕಲ್ಲು ಒಂದು ನಿಮಿಷ ಹೊರಗೆ ಆರಲಿ. ಸುಡುತ್ತಿದೆ ಅಂದರೆ ಆ ಕ್ಷಣವೇ ಎತ್ತಬೇಕು. ಬಾಯಿ ಹೇಳದ್ದನ್ನು ಮೈ ಹೇಳುತ್ತದೆ. ಕಾಲ್ಬೆರಳು ಮುದುಡುವುದು, ಉಸಿರು ಹಿಡಿಯುವುದು, ಹೆಗಲು ಮೇಲೇರುವುದು ಕಂಡರೆ ನಾನು ಕೇಳದೆಯೇ ಕಲ್ಲು ತೆಗೆಯುತ್ತೇನೆ.

ಎಷ್ಟೇ ಜೋಪಾನ ಮಾಡಿದರೂ ಸುಟ್ಟರೆ, ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಆ ಜಾಗ ತಣಿಸಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಮತ್ತೆ ಎಣ್ಣೆ ಬೇಡ. ಗುಳ್ಳೆ ಬಂದರೆ ಒಡೆಯದೆ ವೈದ್ಯರಿಗೆ ತೋರಿಸಲು ಹೇಳಿ. ಆದದ್ದನ್ನು ಮುಚ್ಚಿಡಬೇಡಿ. ನನ್ನನ್ನು ಕ್ಷಮಿಸಿದ ಆ ಹೆಂಗಸು ಈಗಲೂ ಬರುತ್ತಾರೆ. ಅವರ ಬೆನ್ನಿಗೆ ಕಲ್ಲು ಇಡುವಾಗಲೆಲ್ಲ ನನ್ನ ಕೈ ಒಮ್ಮೆ ತಡೆದು, ಮುಂಗೈಗೆ ಒತ್ತಿ ನೋಡಿ, ಆಮೇಲೆಯೇ ಮುಂದೆ ಹೋಗುತ್ತದೆ.

ಮುಗಿದ ಮೇಲೆ

ಕೊನೆಯ ಹತ್ತು ನಿಮಿಷ ಮತ್ತೆ ಬರಿಗೈ. ಆಮೇಲೆ ತಕ್ಷಣ ಎಬ್ಬಿಸಬೇಡಿ. ಕಾವಿಗೆ ರಕ್ತನಾಳ ಅಗಲವಾಗಿ ಬಿಪಿ ಇಳಿದಿರಬಹುದು, ದಿಢೀರನೆ ಎದ್ದರೆ ತಲೆ ಸುತ್ತುತ್ತದೆ. ಪಕ್ಕಕ್ಕೆ ತಿರುಗಲಿ, ಎರಡು ನಿಮಿಷ ಕೂರಲಿ, ನೀರು ಕುಡಿಯಲಿ.

ಕಲ್ಲುಗಳನ್ನು ಪ್ರತಿಯೊಬ್ಬರ ನಂತರವೂ ಸೋಪು ಮತ್ತು ಬಿಸಿ ನೀರಿನಲ್ಲಿ ಉಜ್ಜಿ ತೊಳೆದು, ಸೋಂಕು ನಿವಾರಕದಿಂದ ಒರೆಸಿ, ಪೂರ್ತಿ ಒಣಗಿಸಿ. ಪಾತ್ರೆಯ ನೀರನ್ನೂ ಚೆಲ್ಲಬೇಕು. ಎಣ್ಣೆ ತೇಲುವ ನೀರಿನಲ್ಲಿ ಇನ್ನೊಬ್ಬರ ಕಲ್ಲು ಕಾಯಿಸುವುದು ತಪ್ಪು. ಕಲ್ಲು ಜಿಡ್ಡು ಅನ್ನಿಸಿದರೆ, ವಾಸನೆ ಬಂದರೆ, ಎಣ್ಣೆ ಪೂರ್ತಿ ಹೋಗಿಲ್ಲ ಅಂತ ಅರ್ಥ. ಒಣಗಿಸುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಅಂಚಿಗೆ ಉಗುರು ಓಡಿಸಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಆ ಕಲ್ಲನ್ನು ಅವತ್ತೇ ಸೆಟ್ಟಿನಿಂದ ತೆಗೆದಿಡಿ.